ಒದ್ದೆ ಇಟ್ಟ ಚಾಕು

ಬೈಂಡಿಂಗ್ ಅಂಗಡಿಯ ಮೇಲಿನ ಮನೆಯಿಂದ,
ಬುಧವಾರ, ತಾರೀಕು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ನಾದಿನಿ ತರಲೆಗೆ, ನಿನ್ನ ಭಾವನ ಆಶೀರ್ವಾದಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರುವ ಕೆಲಸ ನಿನ್ನದು, ಮನೆಗೆ ಬಂದ ಮೇಲಾದರೂ ಕಾಲು ನೀಡಿ ಕೂರು. ನನ್ನ ಷಡ್ಡಕ ಮಹಾಶಯರಿಗೆ ಕೆಮ್ಮು ಬಿಟ್ಟಿತೋ, ಇಲ್ಲ ಅದೇ ನೆಪದಲ್ಲಿ ಇನ್ನೂ ಬಿಸಿನೀರನ್ನು ಕೂತಲ್ಲಿಗೇ ತರಿಸಿಕೊಳ್ಳುತ್ತಿದ್ದಾರೋ? ನಾನು ಕ್ಷೇಮ. ನಿನ್ನ ಅಕ್ಕನೂ, ದೇಹದ ಮಟ್ಟಿಗೆ ಹೇಳುವುದಾದರೆ, ಕ್ಷೇಮ. ಊಟ ಮಾಡಿ ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಕೆಳಗೆ ಅಂಗಡಿಯಲ್ಲಿ ಗ್ರಂಥಾಲಯದವರ ಪುಸ್ತಕಗಳು ಎದೆಮಟ್ಟ ಬಿದ್ದಿವೆ, ಹೊಲಿಗೆ ಹಾಕಿದ್ದು ಅರ್ಧವೂ ಇಲ್ಲ. ಬೀಳಲಿ ಬಿಡು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದ ಕೂಡಲೇ "ಹೂಂ, ಹೇಗೋ ನಡೀತಿದೆ" ಎಂದು ಹೇಳಿ ಇಟ್ಟುಬಿಡುವುದು ನನಗೆ ಅಭ್ಯಾಸವಾಗಿಹೋಗಿದೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ.

ಮೂರು ತಿಂಗಳ ಹಿಂದೆ ನೀನು ಬಂದಾಗ ಎರಡು ವಸ್ತು ಬಿಟ್ಟುಹೋದೆ. ಒಂದು, ನಿನ್ನ ಆಸ್ಪತ್ರೆಯ ಪಕ್ಕದ ಆರೈಕೆ ಮನೆಯ ಅರ್ಜಿ. ಇನ್ನೊಂದು, ಕೆಂಪು ಹಿಡಿಯ ಸ್ಟೇನ್‌ಲೆಸ್ ಚಾಕು. ಎರಡನ್ನೂ ನಾನು ಮುಟ್ಟಲಿಲ್ಲವೆಂದು ನಿನಗೆ ಕೋಪವಿದೆ, ಗೊತ್ತು. ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಹಳೆಯ ಮಡಚುವ ಚಾಕು ಒದ್ದೆಯಾಗಿ, ಮೈಯೆಲ್ಲ ಕೆಂಪು ತುಕ್ಕು ಹತ್ತಿ ಬಿದ್ದದ್ದು ನೋಡಿ, "ನೀವಾ ಭಾವ, ಇದನ್ನ ಹೀಗೆ ಬಿಸಾಕೋದು? ನಮ್ಮಪ್ಪ ಇದ್ದಿದ್ರೆ ನಿಮ್ಮ ಕೈ ಮುರೀತಿದ್ದರು" ಎಂದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಭಾವನಿಗೂ ಮಂಕು ಕವಿಯಿತು ಅಂದುಕೊಂಡು ನೀನು ಬಸ್ ಹತ್ತಿದೆ. ಇವತ್ತು ನಿಜ ಹೇಳುತ್ತೇನೆ. ಆ ಚಾಕುವನ್ನು ಒದ್ದೆ ಇಟ್ಟದ್ದು ನಾನೇ, ಬೇಕೆಂದೇ ಇಟ್ಟದ್ದು.

ನಿನಗೆ ಹೇಳಿಕೊಡುವುದೇನೂ ಇಲ್ಲ, ನೀನೂ ಸಾಣೆ ಹಿಡಿಯುವವರ ಮನೆಯ ಮಗಳೇ. ಆದರೂ ನೀನು ಚಿಕ್ಕವಳಾಗಿ ಶಾಲೆಗೆ ಹೋದೆ, ಕಲ್ಲಿನ ಮುಂದೆ ಮಾವನವರ ಪಕ್ಕ ಕೂತವಳು ನಿನ್ನ ಅಕ್ಕ. ಮದುವೆಯಾದ ಹೊಸದರಲ್ಲಿ ನನ್ನ ಅಂಗಡಿಗೆ ಕಾಲಿಟ್ಟವಳೇ ಪುಸ್ತಕದ ರಟ್ಟಿನ ಚರ್ಮವನ್ನು ಸವರಿ ತೆಳುಮಾಡುವ ಈ ಚಾಕುವನ್ನು ಕೈಗೆತ್ತಿಕೊಂಡು, ಉಗುರಿನ ಮೇಲೆ ಇಟ್ಟು ನೋಡಿ, "ಇದರಲ್ಲಿ ಬೆಣ್ಣೆ ಕುಯ್ಯೋದೂ ಕಷ್ಟ" ಎಂದಳು. ಗಂಡನ ಮಾನ ಹೋಯಿತು, ಅವಳು ಸಾಣೆ ಹಿಡಿದ ಚಾಕುವಿಗೆ ಬಾಯಿ ಬಂತು. ಅಂದಿನಿಂದ ಅದರ ಯಜಮಾನಿಕೆ ಅವಳದೇ. ಹಣ್ಣು ಕುಯ್ದರೆ ಆ ಕ್ಷಣವೇ ಒರೆಸಬೇಕು. ರಾತ್ರಿ ಇಡುವ ಮುಂಚೆ ಕೀಲಿಗೆ ಒಂದು ತೊಟ್ಟು, ಅಲಗಿಗೆ ಬೆರಳಲ್ಲಿ ಸವರುವಷ್ಟು ಹೊಲಿಗೆ ಯಂತ್ರದ ಎಣ್ಣೆ. ವರ್ಷಗಟ್ಟಲೆ ಬಳಸಿ ಅಲಗಿನ ಮೇಲೆ ಮೂಡಿದ ಕಪ್ಪುನೀಲಿ ಬಣ್ಣವನ್ನು ಕೊಳೆಯೆಂದು ತಿಕ್ಕಿ ತೆಗೆಯಬಾರದು, ಅದೇ ಅದರ ಅಂಗಿ. ಒಮ್ಮೆ ನಾನು ನಿಂಬೆಹಣ್ಣು ಕುಯ್ದು ಹಾಗೇ ಬಿಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ. ಆಮೇಲೆ ನನಗೆ ಬುದ್ಧಿ ಬಂತು.

ಕಳೆದ ವರ್ಷ ಅವಳ ಮರೆವು ಹೆಚ್ಚಾದಾಗ ಏನೇನಾಯಿತು ಅಂತ ನಿನಗೆ ಗೊತ್ತು. ಗೊತ್ತಿಲ್ಲದ್ದು ಅದರ ನಂತರದ ಮೌನ. ಮೂರು ವಾರ ಅವಳು ಕಿಟಕಿಯ ಪಕ್ಕ ಕೂತು ಎದುರು ಗೋಡೆ ನೋಡಿದಳು. ಕೊಟ್ಟರೆ ಉಂಡಳು, ಎಬ್ಬಿಸಿದರೆ ಎದ್ದಳು. ನನ್ನನ್ನು ಅಂಗಡಿಗೆ ಹೊಸದಾಗಿ ಸೇರಿದ ಕೆಲಸದವನೆಂದುಕೊಂಡಿದ್ದಳು. ಅವಳ ಬಾಯಲ್ಲಿ "ರೀ" ಎಂಬ ಮಾತು ಅವತ್ತು ನಿಂತದ್ದು. ಈಗ ನಾನು "ಏನಪ್ಪಾ", ಸಿಟ್ಟು ಬಂದರೆ "ಲೋ". ನಗಬೇಡ. ನಾನು ಮೊದಮೊದಲು ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಒಂದು ಸಂಜೆ ಅವಳಿಗೆ ಹಣ್ಣು ಹೆಚ್ಚಿಕೊಟ್ಟು, ಮೈ ಸೋತು ಚಾಕು ತೊಳೆದವನು ಒರೆಸುವುದನ್ನೇ ಮರೆತೆ. ಬೆಳಗ್ಗೆ ತುಕ್ಕು ಹತ್ತಿತ್ತು. ಅದು ಅವಳ ಕಣ್ಣಿಗೆ ಬಿತ್ತು. "ಯಾರೋ ಇದನ್ನ ಒದ್ದೆ ಇಟ್ಟಿದ್ದು? ಉಕ್ಕಿನ ಬೆಲೆ ಗೊತ್ತೇನೋ ನಿನಗೆ? ಕೆಲಸಕ್ಕೆ ಅಂತ ಬಂದ್ಮೇಲೆ ಕೈಯಲ್ಲಿ ಹಿಡಿಯೋದಕ್ಕೆ ಮರ್ಯಾದೆ ಕೊಡೋದು ಕಲಿ" ಎಂದು ಶುರುಮಾಡಿದವಳು ಕಾಲು ಗಂಟೆ ನನ್ನನ್ನು ಝಾಡಿಸಿದಳು. ಮೂರು ವಾರದಿಂದ ನಾಲ್ಕು ಮಾತಾಡದವಳು! ನಾನು ಕೈಕಟ್ಟಿ ನಿಂತು ಒಂದೊಂದನ್ನೂ ಕೇಳಿಸಿಕೊಂಡೆ. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಗಂಡಸು ಲೋಕದಲ್ಲಿ ಇನ್ನೊಬ್ಬನಿರಲಾರ. ಆಮೇಲೆ ಅವಳೇ ಸಾಣೆಕಲ್ಲು ಕೇಳಿದಳು. ಕಾರ್ಕಿನ ತುಂಡಿಗೆ ಎಣ್ಣೆ, ನಯವಾದ ಬೂದಿ ಮುಟ್ಟಿಸಿ ತುಕ್ಕು ತೆಗೆದಳು. ಕಲ್ಲನ್ನು ನೆನೆಸಿ ತೊಡೆಯ ಮೇಲಿನ ಹಲಗೆಗೆ ಇಟ್ಟು, ಅಲಗಿನ ಬೆನ್ನಿನ ಕೆಳಗೆ ಬೆಂಕಿಕಡ್ಡಿ ತೂರುವಷ್ಟು ಸಂದು ಬಿಟ್ಟು ಎಳೆಯತೊಡಗಿದಳು. ನಿನ್ನ ಅಪ್ಪ ಹೇಳುತ್ತಿದ್ದರಲ್ಲ, "ಕಲ್ಲಿನ ಮೇಲೆ ಹಾಡಬೇಕು, ಕಿರುಚಬಾರದು" ಅಂತ, ಹಾಗೇ ಹಾಡಿತು. ಈ ಬದಿ ಹತ್ತು, ಆ ಬದಿ ಹತ್ತು. ಅಂಚಿನ ಆಚೆಗೆ ಕೂದಲಿನಷ್ಟು ಉಕ್ಕು ಮಡಚಿ ನಿಂತದ್ದನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ, ಹಳೆಯ ಬೆಲ್ಟಿನ ಮೇಲೆ ಸವರಿ ಬೀಳಿಸಿದಳು. ಸೆರಗನ್ನು ಯಾವ ಕಡೆ ಹೊದೆಯಬೇಕು ಎಂಬುದು ಮರೆತ ಕೈ, ಇದರಲ್ಲಿ ಒಂದು ಎಳೆಯಷ್ಟೂ ತಪ್ಪಲಿಲ್ಲ. ಮುಗಿಸಿ ನನ್ನ ಕಡೆ ಚಾಚಿ "ತಗೋ, ಇನ್ನು ಹುಷಾರು" ಎಂದಳು. ಅವತ್ತಿಡೀ ಅವಳ ಮುಖದಲ್ಲಿ ನಿನ್ನ ಅಕ್ಕ ಇದ್ದಳು.

ಮಾರನೆಯ ಸಂಜೆ ಅವಳು ಮಲಗಿದ ಮೇಲೆ ನಾನೇ ಚಾಕುವನ್ನು ಉಪ್ಪುನೀರಲ್ಲಿ ಅದ್ದಿ ಕಟ್ಟೆಯ ಮೇಲಿಟ್ಟೆ. ಬರೀ ನೀರಿಗೆ ಒಂದೊಂದು ದಿನ ತುಕ್ಕು ಸರಿಯಾಗಿ ಹಿಡಿಯುವುದಿಲ್ಲ, ಚಿಟಿಕೆ ಉಪ್ಪು ಹಾಕಿದರೆ ನಂಬಬಹುದು. ಹನ್ನೊಂದು ತಿಂಗಳಾಯಿತು, ದಿನಾ ಇದೇ ನನ್ನ ಕಸುಬು. ಸಂಜೆ ಹಾಳುಮಾಡುತ್ತೇನೆ, ಬೆಳಗ್ಗೆ ಬೈಸಿಕೊಳ್ಳುತ್ತೇನೆ, ಅವಳು ಸರಿಮಾಡುತ್ತಾಳೆ. ಅವಳ ಬೆರಳಿಗೆ ಇವತ್ತಿನವರೆಗೆ ಒಂದು ಗೀರೂ ಆಗಿಲ್ಲ. ಎದುರಿಗೆ ಕೂತು ಉಸಿರು ಹಿಡಿದು ನೋಡುತ್ತಿರುತ್ತೇನೆ, ಕುಯ್ದುಕೊಂಡದ್ದೆಲ್ಲ ನಾನೇ. ನೀನು ತಂದ ಸ್ಟೇನ್‌ಲೆಸ್ ಚಾಕುವನ್ನು ಯಾಕೆ ಮುಟ್ಟಲಿಲ್ಲ ಅಂತ ಈಗ ತಿಳಿಯಿತಲ್ಲ? ಅದು ಒಳ್ಳೆಯ ಚಾಕುವೇ. ಏನು ಮಾಡಿದರೂ ಕೆಡುವುದಿಲ್ಲ, ಅದೇ ಅದರ ದೋಷ.

ಆದರೆ ದಿನಾ ತೇಯ್ದರೆ ಯಾವ ಉಕ್ಕು ಉಳಿಯುತ್ತದೆ ಹೇಳು. ಹೆಬ್ಬೆರಳಗಲ ಇದ್ದ ಅಲಗು ಈಗ ಪೆನ್ಸಿಲಿನಷ್ಟಾಗಿದೆ. ಹಿಡಿಯೊಳಗೆ ಮಡಚಿದರೆ ಎಲ್ಲಿ ಹೋಯಿತೆಂದು ಹುಡುಕಬೇಕು. ನೀನು ಅರ್ಜಿ ಕೊಟ್ಟುಹೋದ ದಿನವೇ ನಾನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದೆ. ಈ ಅಲಗು ಇರುವ ತನಕ ಅವಳು ಇಲ್ಲಿ. ಇದು ಮುಗಿದ ದಿನ ಸಹಿ. ಅದನ್ನು ಯಾರಿಗೂ ಹೇಳಿರಲಿಲ್ಲ.

ಕಳೆದ ಭಾನುವಾರ ಕೆಳಗೆ ಪುಸ್ತಕಗಳನ್ನು ಒತ್ತುಯಂತ್ರಕ್ಕೆ ಹಾಕಿ, ಅದರ ಹಿಡಿಗೆ ತಲೆ ಆನಿಸಿದ್ದಷ್ಟೇ ನೆನಪು, ನಿದ್ದೆ ಹೋದೆ. ಎಚ್ಚರವಾದಾಗ ಬಾಗಿಲು ತೆರೆದಿತ್ತು. ಅವಳು ಬರಿಗಾಲಲ್ಲಿ ಮೂರು ಬೀದಿ ದಾಟಿ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ನಿನ್ನೂರಿನ ಬಸ್ಸಿನ ಕಂಡಕ್ಟರ್ ಅವಳನ್ನು ಕೂರಿಸಿಕೊಂಡು, ನೀರು ಕೊಟ್ಟು, ನನ್ನನ್ನು ಕಂಡು "ಇವರು ಅಪ್ಪನ ಹತ್ರ ಹೋಗ್ಬೇಕಂತೆ, ಯಾವ ಸ್ಟಾಪು ಅಂತ ಹೇಳೋಕೆ ಬರ್ತಿಲ್ಲ" ಎಂದ. ಇವನ್ಯಾರು ಎಂಬಂತೆ ಅವಳು ನನ್ನನ್ನು ನೋಡಿದಳು. ನಿನ್ನೆ ಬೆಳಗ್ಗೆ ಕಲ್ಲಿನ ಮೇಲೆ ಅಲಗಿನ ತುದಿ ಟಕ್ಕೆಂದು ಮುರಿಯಿತು. ಇನ್ನು ಅದರಲ್ಲಿ ನಾಲ್ಕೈದು ದಿನದ ಕೆಲಸವಿರಬಹುದು, ಅಷ್ಟೇ.

ನನಗೆ ಸಾಕಾಗಿದೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ, ನನ್ನ ಮೈಯಲ್ಲಿ ಬಲ ಕಡಿಮೆಯಾಗಿದೆ. ಅದಕ್ಕಿಂತ ಹೆಚ್ಚಾಗಿ, ಈ ನಾಟಕ ಯಾರಿಗಾಗಿ ಎಂಬ ಅನುಮಾನ ಹತ್ತಿದೆ. ಅವಳಿಗೆ ನಾನು ಯಾರೋ ಕೆಲಸ ಬಾರದ ಆಳು. ನಾನಿಲ್ಲದಿದ್ದರೂ ಅವಳಿಗೆ ವ್ಯತ್ಯಾಸವಾಗದು, ಅವಳಿಂದ ಬೈಸಿಕೊಳ್ಳದೆ ನನಗೇ ಬೆಳಗಾಗುವುದಿಲ್ಲವೇನೋ. ಅದಕ್ಕೇ ಅರ್ಜಿಗೆ ಸಹಿ ಮಾಡಿದ್ದೇನೆ. ಇದರ ಜೊತೆಗೇ ಲಕೋಟೆಯಲ್ಲಿ ಇಡುತ್ತೇನೆ. ನೀನು ಮುಂದಿನ ಶನಿವಾರ ಬಂದರೆ ಇಬ್ಬರೂ ಸೇರಿ ಕರೆದುಕೊಂಡು ಹೋಗೋಣ. ಅಲ್ಲಿ ಚೂಪಾದ್ದೇನನ್ನೂ ಒಳಗೆ ಬಿಡುವುದಿಲ್ಲವೆಂದು ಅರ್ಜಿಯ ಹಿಂದೆ ಅಚ್ಚು ಹಾಕಿದ್ದಾರೆ, ಓದಿದೆ. ಇವತ್ತು ಸಂಜೆ ಚಾಕುವಿಗೆ ನೀರು ಮುಟ್ಟಿಸುವುದಿಲ್ಲ. ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ಮಡಚಿ ಮೇಜಿನ ಖಾನೆಯಲ್ಲಿ ಇಡುತ್ತೇನೆ. ಇಪ್ಪತ್ತಾರು ವರ್ಷ ನನಗೆ ಕಲಿಸಿದ್ದನ್ನು ಕೊನೆಗೆ ಸರಿಯಾಗಿ ಮಾಡಿ ಮುಗಿಸುತ್ತೇನೆ.

ಷಡ್ಡಕರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ದೊಡ್ಡಪ್ಪನ ಮುದ್ದು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಮನೆ ತಣ್ಣಗಿರಲಿ. ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡ.

ಇಂತು,
ನಿನ್ನ ಸೋತ ಭಾವ

ತಾ.ಕ.: ಗುರುವಾರ ಬೆಳಗ್ಗೆ. ಅಂಚೆಯವನು ಬೀದಿಯ ಆ ತುದಿಗೆ ಬಂದಿದ್ದಾನೆ, ಅಕ್ಷರ ವಕ್ರವಾದರೆ ಕ್ಷಮಿಸು. ಎದ್ದವಳೇ ಕಟ್ಟೆಯ ಹತ್ತಿರ ಹೋದಳು. ಚಾಕು ಇರಲಿಲ್ಲ. ಮೇಜಿನ ಖಾನೆ ಎಳೆದು ತೆಗೆದಳು, ಬಿಚ್ಚಿದಳು, ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದಳು. ಇವತ್ತು ಬೈಗುಳವಿಲ್ಲ ಅಂದುಕೊಂಡು ನಾನು ಚಹಾಕ್ಕೆ ನೀರಿಡುತ್ತಿದ್ದೆ. "ರೀ" ಎಂದಳು. ನಾನು ಒಲೆ ಆರಿಸಿ ತಿರುಗಿದೆ. "ಇವತ್ತು ನೆನೆಸಿಡೋದು ಮರೆತ್ರಾ? ಪಾಪ, ಸುಸ್ತಾಗಿತ್ತೇನೋ" ಎಂದು ಹೇಳಿ, ತಾನೇ ಲೋಟದಲ್ಲಿ ನೀರು ಹಿಡಿದು, ಡಬ್ಬಿಯಿಂದ ಚಿಟಿಕೆ ಉಪ್ಪು ಹಾಕಿ, ಚಾಕು ಅದ್ದಿ, ನಾನು ದಿನಾ ಇಡುವ ಜಾಗದಲ್ಲೇ ಇಟ್ಟಳು. ಆಮೇಲೆ ಕಿಟಕಿಯ ಪಕ್ಕ ಹೋಗಿ ಕೂತಳು. ಈಗ ಚಹಾ ಕೊಟ್ಟಾಗ ಮತ್ತೆ "ಏನಪ್ಪಾ" ಎಂದಳು, ಆಗಲಿ. ಅರ್ಜಿಯನ್ನು ಲಕೋಟೆಯಿಂದ ತೆಗೆದಿದ್ದೇನೆ. ನೀನು ಮಾತ್ರ ಶನಿವಾರ ತಪ್ಪದೆ ಬಾ, ಎರಡು ವಾರ ರಜೆ ಹಾಕಿ ಬಾ, ಒಬ್ಬನ ಕೈಯಲ್ಲಿ ಇದು ಆಗುವುದಿಲ್ಲ. ನಿನ್ನ ಮನೆಯಲ್ಲಿರುವ ಮಾವನವರ ಪೆಟ್ಟಿಗೆಯಲ್ಲಿ ಅವರ ಹಳೆಯ ಚಾಕು ಇರಬೇಕು, ಬರುವಾಗ ಹುಡುಕಿ ತಾ. ತುಕ್ಕು ಹಿಡಿದಿದ್ದರೆ ಹಾಗೇ ಇರಲಿ, ನೀನು ಒರೆಸಬೇಡ.