ಮಾದಮ್ಮನ ಎಡೆ

೨೩ ಸೆಪ್ಟೆಂಬರ್ ೧೯೫೭, ಸೋಮವಾರ, ಮಹಾಲಯ ಅಮಾವಾಸ್ಯೆ. ಮರಕ್ಕಡವು.

ಎಡೆಯ ಊಟ ಮುಗಿಸಿ ಇದನ್ನು ಬರೆಯಲು ಕೂತಿದ್ದೇನೆ.

ಜೂನ್‌ನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಈ ಗಡಿಯೂರಿನ ಮಲಯಾಳಂ ಶಾಲೆಗೆ ಸೇರಿಸಲು ಹೋಗಿದ್ದೆ. ನನ್ನ ಮುಂದೆ ನಿಂತಿದ್ದ, ತಿರುವಾಂಕೂರಿನಿಂದ ಬಂದ ವರ್ಕಿ ಚೇಟ್ಟ ತನ್ನ ಮಕ್ಕಳ ಹೆಸರು ಬರೆಸಿದ: ಲಿಸ್ಸಿ, ಜೆಸ್ಸಿ. ಒಂದಕ್ಕೊಂದು ಪ್ರಾಸ, ಕೇಳೋಕೆ ಎಷ್ಟು ಚೆಂದ! ನನ್ನವು ಮಾದಮ್ಮ, ಶಾಂತ. "ಇವರಿಬ್ಬರೂ ಒಂದೇ ಮನೆಯವರಾ?" ಅಂತ ಮೇಷ್ಟ್ರು ನಕ್ಕರು. ನನ್ನ ಮುಖ ಸಣ್ಣದಾಯಿತು. "ದೊಡ್ಡವಳನ್ನ ಕಾಂತ ಅಂತ ಬರ್ಕೊಳ್ಳಿ" ಅಂದುಬಿಟ್ಟೆ. ಮನೆಯಲ್ಲಿ ಹೇಳಬೇಡ ಅಂತ ದಾರಿಯಲ್ಲಿ ಮಗುವಿಗೂ ಹೇಳಿದೆ.

ಮಾದಮ್ಮ ನಮ್ಮವ್ವನ ಹೆಸರು. ಅತ್ತೆಯ ಹೆಸರು ಅಂತ ನನ್ನ ಹೆಂಡತಿ ಸಣ್ಣಮ್ಮ ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಸೊಸೆಗಿರುವಷ್ಟು ಮರ್ಯಾದೆ ಮಗನಾದ ನನಗಿಲ್ಲ.

ಇವತ್ತು ಅವ್ವನಿಗೆ ಎಡೆ. ಸತ್ತವರ ಹೆಸರಿನ ಮಗು ಮೊದಲ ತುತ್ತು ತಿನ್ನುವುದು ನಮ್ಮ ಮನೆಯ ಪದ್ಧತಿ. ಸಣ್ಣಮ್ಮ ಮಣೆ ಹಾಕಿ, "ಬಾರವ್ವ, ಕೂತ್ಕೊ" ಅಂದಳು. ಮಗು ಬಾಗಿಲಲ್ಲೇ ನಿಂತಿತು.

"ಶಾಲೇಲಿ ನಾನು ಕಾಂತ. ನಾನು ತಿಂದ್ರೆ ಅಜ್ಜಿಗೆ ಸೇರ್ತದಾ?"

ಸಣ್ಣಮ್ಮ ಸೌಟು ಕೆಳಗಿಟ್ಟಳು. "ಯಾರವ್ವ ಹಂಗೆ ಬರೆಸಿದ್ದು?"

ಮಗು ನನ್ನ ಮುಖ ನೋಡಿತು. "ಮೇಷ್ಟ್ರೇ ಬರ್ಕೊಂಡ್ರು" ಅಂತು.

ಸಣ್ಣಮ್ಮ ಮೇಷ್ಟ್ರನ್ನು ಬಾಯಿಗೆ ಬಂದ ಹಾಗೆ ಬೈದಳು. ನಾನೂ ಹೂಂಗುಟ್ಟಿದೆ. ಹೂಂಗುಟ್ಟಿ ಹೊಟ್ಟೆ ತುಂಬ ಉಂಡೆ.

ಚಿಕ್ಕಂದಿನಲ್ಲಿ ಅಪ್ಪನ ಏಟು ತಪ್ಪಿಸಲು ನನ್ನ ತಪ್ಪನ್ನು ಹೀಗೆ ಮುಚ್ಚಿಡುತ್ತಿದ್ದವಳು ಅವ್ವ ಒಬ್ಬಳೇ. ಹೀಗೇ, ಮೊದಲು ನನ್ನ ಮುಖ ನೋಡಿ. ಅಂಥವಳ ಹೆಸರನ್ನು ನಾನು ನಾಚಿಕೊಂಡು ಅಳಿಸಿಬಿಟ್ಟೆ.