ಬಿಡು ಅಂದವಳು

ಮಾರ್ಚ್ 3, ಬೆಳಗ್ಗೆ 8.15

ಸ್ಕಿಪ್ಪಿಂಗ್ ಐನೂರು. ನೆಟ್ ಡ್ರಿಲ್ ನಲವತ್ತು ನಿಮಿಷ. ಹನ್ನೊಂದು ಷಟಲ್ ರಾಕೆಟ್ ಅಂಚಿಗೆ ಬಡಿದು ಎತ್ತಲೋ ಹೋದವು. ಹನ್ನೊಂದು! ಮೊದಲೆಲ್ಲ ವಾರಕ್ಕೂ ಅಷ್ಟಾಗ್ತಿರಲಿಲ್ಲ.

ತಂಗಿ ಹಿಂದಿನಿಂದ, "ಏ ಕುಳ್ಳಿ, ಇನ್ನೂ ನಿದ್ದೆ ಬಿಟ್ಟಿಲ್ವಾ?" ಅಂದಳು. "ಸುಮ್ನಿರೇ ಏಣಿ" ಅಂದೆ.

ಅವಳಿಗೆ ಅಪ್ಪನ ಎತ್ತರ, ಉದ್ದ ಕೈ. ಹಿಂದೆ ನಿಂತು ಹಾರಿ ಸ್ಮ್ಯಾಶ್ ಹೊಡೀತಾಳೆ. ನಂಗೆ ಅಮ್ಮನ ಐದಡಿ. ಎತ್ತರ ಇಲ್ಲದೋಳಿಗೆ ಮಣಿಕಟ್ಟೇ ಗತಿ, ಮಣಿಕಟ್ಟಿಗೆ ಕಣ್ಣೇ ಗತಿ. ಎದುರಿನವಳ ಭುಜ ನೋಡೇ ಷಟಲ್ ಎಲ್ಲಿಗೆ ಬರುತ್ತೆ ಅಂತ ಹೇಳ್ತಿದ್ದೆ.

ಇವತ್ತು ಷಟಲ್ ಇರಬೇಕಾದ ಜಾಗದಲ್ಲಿ ಒಂದು ಮಸುಕು. ಕಣ್ಣುಜ್ಜಿದ್ರೂ ಹೋಗಲಿಲ್ಲ.

ಮಾರ್ಚ್ 6

ಸರ್ ಹೊಗಳಿದ್ರು. ಎಂಟು ವರ್ಷದ ಕೋಚಿಂಗಲ್ಲಿ ಇದು ಮೂರನೇ ಸಲ. "ಈಗ ಸರಿಯಾಯ್ತು ನೋಡು ನಿನ್ನ ಆಟ. ಮೊದಲು ಕಾಯ್ತಾ ಕೂರ್ತಿದ್ದೆ. ಈಗ ನುಗ್ಗಿ ಹೊಡೀತೀಯ. ಧೈರ್ಯ ಬಂದಿದೆ."

ಧೈರ್ಯ ಅಂತೆ! ಕಾಯೋಕೆ ಆಗ್ತಿಲ್ಲ ಅಂತ ನುಗ್ತಿರೋದು. ಷಟಲ್ ಹತ್ರ ಬಂದಷ್ಟೂ ಎಷ್ಟು ಹತ್ರ ಅನ್ನೋದೇ ತಿಳೀತಿಲ್ಲ... ಅದಕ್ಕೇ ಮುಂಚೇನೇ ಅಂದಾಜಿನ ಮೇಲೆ ಬೀಸ್ತೀನಿ. ಕೊನೇ ಗಳಿಗೆವರೆಗೂ ಕಾದು, ಮಣಿಕಟ್ಟು ತಿರುಗಿಸಿ, ಎದುರಿನವರನ್ನ ಪೇಚಿಗೆ ಸಿಕ್ಕಿಸೋದು ನನ್ನ ಆಟ. ಅದು ಹೋಯ್ತು. ಹೋಗಿದ್ದಕ್ಕೆ ಶಭಾಷ್ ಸಿಕ್ತು.

28ಕ್ಕೆ ಡಬಲ್ಸ್ ಸೆಲೆಕ್ಷನ್, ನಾನೂ ಏಣಿಯೂ ಒಂದು ಜೋಡಿ. ಫೈನಲ್ ಗೆದ್ದ ಜೋಡಿ ಟೀಮಿಗೆ. ಸೋತ ಜೋಡಿಯಿಂದ ಒಬ್ಬರನ್ನ ಸರ್ ರಿಸರ್ವ್‌ಗೆ ಆರಿಸ್ತಾರೆ. ನಂಗೆ ಇಪ್ಪತ್ತೊಂಬತ್ತು. ಇದೇ ಕೊನೆ.

ಮಾರ್ಚ್ 9, ಮಧ್ಯಾಹ್ನ

ಕಣ್ಣಾಸ್ಪತ್ರೆ. ಒಬ್ಬಳೇ ಹೋದೆ. ಎಡಗಣ್ಣು ಮುಚ್ಚಿಸಿ ಗೋಡೆ ಮೇಲಿನ ಚೌಕಗಳನ್ನ ನೋಡು ಅಂದ್ರು. ಗೆರೆಗಳೆಲ್ಲ ನಡುವಲ್ಲಿ ಬಾಗಿದ್ವು. ನಕ್ಕುಬಿಟ್ಟೆ. ಡಾಕ್ಟರಮ್ಮ ನಗಲಿಲ್ಲ.

ಬಲಗಣ್ಣಿನ ಪರದೆ ಹಿಂದೆ ನೀರು ತುಂಬಿದೆಯಂತೆ. ಎರಡು ಕಣ್ಣು ಒಂದೇ ಥರ ನೋಡದಿದ್ರೆ ದೂರ ಎಷ್ಟು ಅನ್ನೋದು ತಪ್ಪುತ್ತಂತೆ. ಮೂರು ತಿಂಗಳು ಆಟ ಬೇಡ. ತಾನಾಗೇ ಇಳಿದ್ರೂ ಇಳೀಬಹುದು. "ಇಳೀದಿದ್ರೆ?" ಅಂದೆ. "ಆಗ ನೋಡೋಣ" ಅಂದ್ರು.

ಅವರು ಬರೆದುಕೊಟ್ಟ ಚೀಟಿ ಮಡಚಿ ಶೂ ಒಳಗೆ ಹಾಕ್ಕೊಂಡೆ. ಯಾರಿಗೂ ಹೇಳಲ್ಲ. ಹೇಳಿದ್ರೆ ಸರ್ ನಾಳೆಯೇ ಏಣಿಗೆ ಬೇರೆ ಜೋಡಿ ಹುಡುಕ್ತಾರೆ. ಅವಳ ಪಕ್ಕದಲ್ಲಿ ಇನ್ನೊಬ್ಬಳು... ನನ್ನ ಕೈಲಿ ಆಗಲ್ಲ.

ಮಾರ್ಚ್ 18, ಸಂಜೆ 5

ಒಂಬತ್ತು ದಿನ ಬರೀಲಿಲ್ಲ. ಬರೆದ್ರೆ ನಿಜ ಆಗುತ್ತೆ ಅನ್ನಿಸ್ತು.

ಅಪ್ಪ ರಾಕೆಟ್‌ಗೆ ಗಟ್ ದಾರ ಹೆಣೆಯೋರು. ಹಜಾರದ ಕಿಟಕಿ ಪಕ್ಕ ಅವರ ಮೆಷಿನ್. ಇವತ್ತು ನನ್ನನ್ನ ಕೂರಿಸಿಕೊಂಡು ಡ್ರಾಯರ್‌ನಿಂದ ಎರಡು ಹಳೇ ಜಾಳಿಗೆ ತೆಗೆದ್ರು. ನನ್ನ ರಾಕೆಟ್‌ನಿಂದ ಬಿಚ್ಚಿದ್ದು, ಹಾಗೇ ರಟ್ಟಿಗೆ ಅಂಟಿಸಿದ್ರು. ಜನವರಿದು ಸರಿಯಾಗಿ ನಡುವೆ ಸವೆದಿತ್ತು. ಮಾರ್ಚ್‌ದು ಮೇಲೆ, ಪಕ್ಕ, ಅಂಚು, ಎಲ್ಲಾ ಕಡೆ ಚೆಲ್ಲಾಪಿಲ್ಲಿ.

"ಇಪ್ಪತ್ತು ವರ್ಷದಿಂದ ನಿನ್ನ ಗಟ್ ನಾನೇ ಬಿಚ್ತಿದ್ದೀನಿ ಕಣಮ್ಮ. ಇದು ನಿನ್ನ ಕೈ ಅಲ್ಲ. ಏನಾಗಿದೆ?"

ಶೂ ಬಿಚ್ಚಿ ಚೀಟಿ ಕೊಟ್ಟೆ. ಓದಿದ್ರು. ಇನ್ನೊಂದು ಸಲ ಓದಿದ್ರು. ಎರಡು ವಾರದಿಂದ ನಂಗೆ ಹೇಳದೇ ಗಟ್ ಸಡಿಲ ಮಾಡಿ ಕೊಡ್ತಿದ್ರಂತೆ, ನಡುವೆ ತಾಗದಿದ್ರೂ ಷಟಲ್ ಹೋಗ್ಲಿ ಅಂತ. ನಂಗೆ ಗೊತ್ತೇ ಆಗಿರಲಿಲ್ಲ. ಇಬ್ರೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ವಿ.

"ಅವಳಿಗೆ ನೀನೇ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ" ಅಂದ್ರು. ಹೂಂ ಅಂದೆ.

ಮಾರ್ಚ್ 21

ಹೇಳಲಿಲ್ಲ.

ಮಾರ್ಚ್ 27, ಸಂಜೆ

ಹೇಳೋಕೇ ಅಂತ ಟೆರೇಸಿಗೆ ಕರೆದೆ. ಒದ್ದೆ ಸಾಕ್ಸ್ ಹರವ್ತಾ ಅವಳೇ ಶುರು ಮಾಡಿದ್ಲು. "ನಾಳೆ ನಂಗೆ ಒಂಚೂರೂ ಭಯ ಇಲ್ಲ ಅಕ್ಕ. ನೀನು ಬಿಡು ಅಂದ್ರೆ ಬಿಡ್ತೀನಿ, ಇಲ್ಲಾಂದ್ರೆ ಚಚ್ತೀನಿ. ಅಷ್ಟೇ ತಾನೇ?"

ಚಿಕ್ಕಂದಿನಿಂದ ಇದೇ ಕಟ್ಟಳೆ. ಏಣಿಗೆ ಕೈ ಎಲ್ಲಿಗೂ ಎಟುಕುತ್ತೆ, ಹಾಗಾಗಿ ಗೆರೆ ಆಚೆ ಬೀಳೋದನ್ನೂ ಹೊಡೆದುಬಿಡ್ತಾಳೆ. ಔಟ್ ಆಗೋದನ್ನ ನೋಡಿ ಕೂಗೋ ಕೆಲಸ ನಂದು. ನಾನು ಕೂಗಿದ್ರೆ ಅವಳು ರಾಕೆಟ್ ಇಳಿಸಿಬಿಡ್ತಾಳೆ. ತಿರುಗಿ ಕೂಡ ನೋಡಲ್ಲ.

ಹೇಳದೇ ಉಳಿದ ಸಾಕ್ಸ್ ಹರವಿದೆ. ನಾಳೆ ಕೂಗೋದೇ ಬೇಡ, ಬಾಯಿ ಹೊಲ್ಕೊಂಡು ಆಡ್ತೀನಿ ಅಂದ್ಕೊಂಡು ಕೆಳಗೆ ಬಂದೆ. ಥೂ, ಹೇಡಿ ನಾನು.

ಮಾರ್ಚ್ 28, ಸಂಜೆ 6.40

ಸೋತ್ವಿ.

ಮೂರನೇ ಗೇಮ್, 19–20. ಎದುರಿನವಳು ಎತ್ತಿ ಹಿಂದಕ್ಕೆ ಕಳಿಸಿದ್ಲು. ಏಣಿ ಓಡಿ ಹೋಗಿ ಷಟಲ್ ಕೆಳಗೆ ನಿಂತಿದ್ಲು, ಕೈ ಎತ್ತಿದ್ಲು. ಹೊಡೆದಿದ್ರೆ ಪಾಯಿಂಟ್ ನಮ್ಮದೇ. ನಾನು ತಿರುಗಿ ನೋಡಿದೆ. ಗೆರೆ ಆಚೆ ಹೋಗ್ತಿದೆ ಅನ್ನಿಸ್ತು. ಚಿಕ್ಕಂದಿನ ಅಭ್ಯಾಸ, ನಾಲಿಗೆ ನನ್ನ ಮಾತು ಕೇಳಲಿಲ್ಲ. "ಬಿಡು!"

ಬಿಟ್ಟಳು. ಗೆರೆಯಿಂದ ಒಂದು ಗೇಣು ಒಳಗೆ ಬಿತ್ತು.

ಒಂದು ಗೇಣು! ಚಿಕ್ಕ ಮಗುವಿಗೂ ಕಾಣೋದು.

ಏಣಿ ಷಟಲ್ ನೋಡಿದ್ಲು. ಆಮೇಲೆ ನನ್ನ ಕಣ್ಣನ್ನ ನೋಡಿದ್ಲು, ತುಂಬಾ ಹೊತ್ತು. ಸರ್ ಕಿರುಚಿಕೊಂಡು ಬಂದ್ರು. "ಅದನ್ನ ಯಾಕೇ ಬಿಟ್ಟಿದ್ದು? ತಲೆ ನೆಟ್ಟಗಿದೆಯಾ?" ನಾನು ಬಾಯಿ ತೆಗೆಯೋ ಮುಂಚೆ ಅವಳು, "ನಾನೇ ಔಟ್ ಅಂದ್ಕೊಂಡೆ ಸರ್" ಅಂದಳು. ಕೋರ್ಟ್ ಸುತ್ತಲಿನ ಗಲಾಟೆಯಲ್ಲಿ ನನ್ನ ಕೂಗು ಸರ್‌ಗೆ ಕೇಳಿಸಿರಲಿಲ್ಲ.

ಮಾರ್ಚ್ 29, ಬೆಳಗ್ಗೆ 7

ಮೆಸೇಜ್ ಬಂತು. ರಿಸರ್ವ್ ನಾನು. ಕೆಳಗೆ ಸರ್ ಬರೆದಿದ್ದಾರೆ: "ನಿನ್ನ ತಂಗಿಗೆ ಹೊಡೆತ ಇದೆ, ಅಂದಾಜಿಲ್ಲ. ಅಂಥವಳನ್ನ ನಂಬೋಕಾಗಲ್ಲ. ಹತ್ತು ಗಂಟೆಗೆ ಬಂದು ಸೈನ್ ಮಾಡು."

ಒಂದು ನಿಮಿಷ ಖುಷಿಯಾಯ್ತು. ಯಾರೂ ಓದಲ್ಲವಲ್ಲ, ಬರೀತೀನಿ: ಖುಷಿಯಾಯ್ತು. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡೆ.

ಏಣಿ ಬಾಗಿಲ ಹೊರಗಿಂದ, "ಹೋಗಿ ಸೈನ್ ಮಾಡು ಅಕ್ಕ" ಅಂದಳು. "ನಂಗಿನ್ನೂ ಇಪ್ಪತ್ತೆರಡು." ಮತ್ತೆ, "ಯಾವ ಕಣ್ಣು?" ಅಂದಳು. "ಬಲ" ಅಂದೆ. "ನಂಗೆ ಯಾಕೆ ಹೇಳಲಿಲ್ಲ?" ಅಂತ ಕೇಳಿದ್ಲು. ಚಿಲಕ ತೆಗೆದು ಬಂದು, ಶೂ ಒಳಗೆ ಮತ್ತೆ ಇಟ್ಟಿದ್ದ ಚೀಟಿ ತೆಗೆದೆ.

9.50

ಸರ್ ರೂಮಿನ ಹೊರಗೆ, ಬೆಂಚು. ಚೀಟಿ ಕೈಲಿದೆ. ಬೆವರಿಗೆ ಅಕ್ಷರ ಕಲಸಿದೆ, ಓದೋಕೆ ಸಾಲದು. ನಾನೇ ಬಾಯಿ ಬಿಡಬೇಕು. ಅವಳನ್ನ ನಂಬಬಹುದು ಸರ್. ಅವಳು ನನ್ನ ನಂಬಿದ್ದೇ ತಪ್ಪು. ಇಷ್ಟೇ ಮಾತು. ಸೈನ್ ಮಾಡಿ ಎದ್ದು ಬಂದ್ರೆ ಯಾರಿಗೂ ಗೊತ್ತಾಗಲ್ಲ. ಅಪ್ಪ ಹೇಳಲ್ಲ, ಏಣಿಯಂತೂ ಸತ್ರೂ ಹೇಳಲ್ಲ. ಇಪ್ಪತ್ತೊಂಬತ್ತು ವರ್ಷ, ಇದೇ ಕೊನೆ...

ಬಾಗಿಲು ತೆಗೆದ್ರು. ಸರ್ ನಗ್ತಾ, ಪೆನ್ ಹಿಡ್ಕೊಂಡು ಕರೀತಿದ್ದಾರೆ. ಎದ್ದೆ. ಮೊದಲನೇ ಮಾತು ಇಲ್ಲೇ ಬರ್ಕೊಂಡು ಒಳಗೆ ಹೋಗ್ತೀನಿ, ಮರೆತ ಹಾಗೆ ಮಾಡಬಾರದು — ಸರ್, ನಿನ್ನೆ ಬಿಡು ಅಂದದ್ದು ನಾನು.