ಮಾಳಿಗೆಯ ಮೇಲಿನ ಗಾಳಿ ಯಂತ್ರ

ರೀ,

ಮಾಳಿಗೆಯ ಮೇಲಿನ ಗಾಳಿಯ ಹೊಲಸು ಅಳೆಯುವ ಯಂತ್ರದ ವೈರನ್ನು ನೀವು ಕಿತ್ತಿದ್ದಿರಿ. ನಾನು ಮತ್ತೆ ಹಾಕಿದ್ದೇನೆ, ಮುಟ್ಟಬೇಡಿ. ನಿಮ್ಮ ಮಾಲಕರು ಹೇಳಿದ್ದಾರೆಂದು ಗೊತ್ತು. ಸಿಟ್ಟೇನೂ ಬಂದಿಲ್ಲ. ಅತ್ತೆಯನ್ನು ಮಣ್ಣು ಮಾಡಿ ಬಂದ ಮೇಲೆ ನನಗೆ ಏನೂ ಅನ್ನಿಸುತ್ತಿಲ್ಲ.

ರೊಟ್ಟಿ, ಝುಣಕಾ ಮುಚ್ಚಿಟ್ಟಿದ್ದೇನೆ. ಅತ್ತೆಯ ದಮ್ಮಿನ ಔಷಧ ಎಸೆಯಬೇಡಿ. ಪಕ್ಕದ ಮನೆಯ ಯಮುನವ್ವನಿಗೂ ಈಗ ದಮ್ಮು ಹತ್ತುತ್ತಿದೆ.

ದಿನಾ ಬೆಳಿಗ್ಗೆ ಅತ್ತೆ ಕೇಳುತ್ತಿದ್ದರು, "ಮಷೀನ ಏನ ಅಂತೈತಿ, ಖಿಡಕಿ ತೆಗೀಲೇನ?" ಗಾಳಿ ಕೆಟ್ಟಿದೆ ಎನ್ನುವ ಕೆಂಪು ದೀಪ ಕಂಡರೆ ಕಿಟಕಿ ತೆಗೆಯುವುದು ಬೇಡ ಅನ್ನುತ್ತಿದ್ದೆ. ನೀವು ನೂಲಿಗೆ ಗಂಜಿ ಹಾಕುವ ಸೈಜಿಂಗಿನ ಬಾಯ್ಲರಿಗೆ ಚಿಂದಿ, ಪ್ಲಾಸ್ಟಿಕ್ ಹಾಕಿ ಬಂದ ದಿನ ಕೆಂಪೇ ಇರುತ್ತಿತ್ತು. ಕೇಳಿದರೆ, "ನಾ ಹಾಕ್ಲಿಲ್ಲಂದ್ರ ಬ್ಯಾರೇದಾವ ಹಾಕ್ತಾನ" ಅಂದಿರಿ. ಅದೂ ಖರೆ.

ಇವತ್ತು ಇಚಲಕರಂಜಿ ಪಾಲಿಕೆಯಲ್ಲಿ ಗಾಳಿಯ ಬಗ್ಗೆ ಸಭೆ ಇದೆ. ಯಂತ್ರ ತೋರಿಸಿದ್ದನ್ನು ಹೇಳಲು ಹೋಗುತ್ತಿದ್ದೇನೆ. ಬಾಯ್ಲರಿಗೆ ಏನು ಹಾಕುತ್ತಾರೆ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ನಿಮ್ಮ ಕೆಲಸ ಹೋಗಬಹುದು. ಹಾಕುವವರು ಯಾರು ಎಂದು ಕೇಳಿದರೂ ಸುಳ್ಳು ಹೇಳಲಾರೆ.

ಅದನ್ನು ನನ್ನ ಬಾಯಿಂದ ಹೇಳಿಸಬಾರದು ಅನ್ನಿಸಿದರೆ, ಊಟ ಮಾಡಿ ನೀವೇ ಬಂದು ಹೇಳಿ. ನಾನು ಸಭೆಯ ಬಾಗಿಲ ಹತ್ತಿರ ಕೂತಿರುತ್ತೇನೆ.

ಉಜ್ವಲಾ